ಗಾಯಕ ಹೋದ ಮೇಲೆ ಮೇಳ ಯಾರದು? ಮಾಣಿಕನಗರದ ಭಜನೆ ಮತ್ತು ಒಂದು ಅಮೆರಿಕನ್ ಹೋಲಿಕೆ

ಸಂಗೀತದ ಚರಿತ್ರೆ ಬರೆಯುವವರು ಮುಂದೆ ಕೂತ ಗಾಯಕನ ಹೆಸರು ಬರೆದುಕೊಳ್ಳುತ್ತಾರೆ, ಹಿಂದೆ ತಾಳ ಹಿಡಿದವರನ್ನು ಮರೆಯುತ್ತಾರೆ. ಬೈಠಕ್ ಗಾಯನದಲ್ಲಿ ಇದು ಹೇಗೋ ನಡೆದೀತು, ಭಜನೆಯಲ್ಲಿ ನಡೆಯದು. ಇಲ್ಲಿ ಒಬ್ಬ ನುಡಿ ಎತ್ತುತ್ತಾನೆ, ಪಲ್ಲವಿಯನ್ನು ಮೇಳ ಹಿಡಿಯುತ್ತದೆ. ಲಯ ಏರಿದಂತೆ ಎತ್ತಿದವನ ದನಿ ಯಾವುದು, ಹಿಡಿದವರ ದನಿ ಯಾವುದು ತಿಳಿಯದಂತಾಗುತ್ತದೆ. ಆ ಒಬ್ಬ ತೀರಿಕೊಂಡರೆ ಮೇಳ ಏನಾಗುತ್ತದೆ? ಬೀದರ ಜಿಲ್ಲೆಯ ಮಾಣಿಕನಗರದಲ್ಲಿ ಇದಕ್ಕೊಂದು ಉತ್ತರವಿದೆ.

ಅಲ್ಲಿನ ಭಜನಾ ಪರಂಪರೆಯ ಮೂಲ ಪುರುಷರಾದ ಮಾಣಿಕಪ್ರಭುಗಳು ಹುಟ್ಟಿದ್ದು 1817ರ ದತ್ತ ಜಯಂತಿಯಂದು, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. ಹುಡುಗತನ ಕಲ್ಯಾಣದಲ್ಲಿ ಸೋದರಮಾವನ ಆಸರೆಯಲ್ಲಿ ಕಳೆಯಿತು. ಆಮೇಲೆ ಮನೆ ಬಿಟ್ಟು ಮಂಠಾಳದ ಕಡೆ ಹೋದರು, ಊರೂರು ತಿರುಗಿದರು. 1845ರಲ್ಲಿ ಹುಮನಾಬಾದಿನ ಪಕ್ಕ, ವಿರಜಾ ಮತ್ತು ಗುರುಗಂಗೆ ಕೂಡುವಲ್ಲಿ ನೆಲೆನಿಂತರು; ಅದೇ ಮಾಣಿಕನಗರ. ಅದು ನಿಜಾಮರ ಸೀಮೆ. ದಫ್ತರಿನಲ್ಲಿ ಫಾರಸಿ, ಮನೆಯಲ್ಲಿ ಕನ್ನಡ ಇಲ್ಲವೇ ಮರಾಠಿ, ಸಂತೆಯಲ್ಲಿ ದಖನಿ, ಮೂಡಲಿಗೆ ನಡೆದರೆ ತೆಲುಗು. ಪ್ರಭುಗಳ ಪದಗಳೂ ಒಂದೇ ಭಾಷೆಯಲ್ಲಿ ನಿಲ್ಲಲಿಲ್ಲ: ಮರಾಠಿಯವೇ ಹೆಚ್ಚು, ಜೊತೆಗೆ ಹಿಂದಿ, ಕನ್ನಡ, ಮತ್ತೆ ಕೆಲವು. ಯಾವ ಮತವನ್ನೂ ತಳ್ಳದ ಅವರ ದಾರಿಗೆ ಸಕಲಮತ ಸಂಪ್ರದಾಯ ಎಂದೇ ಹೆಸರು. ಅವರ ದರ್ಬಾರಿಗೆ ಹಿಂದೂಗಳೂ ಬಂದರು, ಮುಸಲ್ಮಾನರೂ ಬಂದರು.

1865ರಲ್ಲಿ ಪ್ರಭುಗಳು ಸಮಾಧಿಸ್ಥರಾದರು. ಗಾದಿಗೆ ಬಂದದ್ದು ತಮ್ಮನ ಮಗ ಮನೋಹರ ಮಾಣಿಕಪ್ರಭು, ಆಗಿನ್ನೂ ಬಾಲಕ. 1877ರಲ್ಲಿ, ಚಿಕ್ಕ ಪ್ರಾಯದಲ್ಲೇ, ಅವರೂ ತೀರಿದರು. ಮೇಳ ಚದುರಿಹೋಗಲು ಇಷ್ಟು ಸಾಕಾಗಿತ್ತು. ಚದುರಲಿಲ್ಲ. ಮನೋಹರರ ತಮ್ಮ ಮಾರ್ತಾಂಡ ಮಾಣಿಕಪ್ರಭು (1860–1936) ಮುಂದಿನ ಸುಮಾರು ಆರು ದಶಕ ಪೀಠ ನಡೆಸಿದರು, ತಾವೂ ಪದ ಕಟ್ಟಿದರು. ಸಂಪ್ರದಾಯದ ಹಾಡಿಕೆ ಇವತ್ತು ಗಟ್ಟಿಯಾಗಿ ಉಳಿದಿದ್ದರೆ ಅದರ ಶ್ರೇಯ ಮೂಲ ಪುರುಷರಿಗಿಂತ ಇವರಿಗೇ ಹೆಚ್ಚು ಸಲ್ಲಬೇಕೆಂದು ನನ್ನ ಅಭಿಪ್ರಾಯ. ಕೊನೆಯ ನುಡಿಯಲ್ಲಿ ‘ಮಾಣಿಕ’ ಎಂಬ ಅಂಕಿತ ಬರುವ ಪದವನ್ನು ಯಾರು ಎತ್ತಿದರೂ ಅದು ಪ್ರಭುಗಳದೇ. ಎತ್ತಲು ಯಾರ ಅಪ್ಪಣೆಯೂ ಬೇಡ.

ಇದರ ಎದುರಿಗೆ ಅಮೆರಿಕದ, ಹಲವು ಕಂಠ ಕೂಡಿ ಹಾಡುವ ಡೂ-ವಾಪ್ ಮೇಳಗಳನ್ನು ಇಟ್ಟು ನೋಡಬಹುದು. ಆ ಮೇಳಗಳ ಗಾಯಕ ಕ್ಲೈಡ್ ಮೆಕ್‌ಫ್ಯಾಟರ್ ಹುಟ್ಟಿದ್ದು 1932ರಲ್ಲಿ, ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ. ಆತನ ದನಿಯೂ ಮೊದಲು ಪಳಗಿದ್ದು ದೇವರ ಹಾಡಿನಲ್ಲೇ, ಚರ್ಚಿನ ಮೇಳದಲ್ಲಿ. 1950ರಲ್ಲಿ ಬಿಲ್ಲಿ ವಾರ್ಡ್‌ನ ಡಾಮಿನೋಸ್ ಮೇಳ ಸೇರಿದ. 1953ರಲ್ಲಿ ಅದನ್ನು ಬಿಟ್ಟು ಅಟ್ಲಾಂಟಿಕ್ ಕಂಪನಿಗಾಗಿ ಡ್ರಿಫ್ಟರ್ಸ್ ಮೇಳ ಕಟ್ಟಿದ. ಮರುವರ್ಷವೇ ಸೈನ್ಯದ ಕರೆ ಬಂತು. ಮೇಳದಲ್ಲಿದ್ದ ತನ್ನ ಪಾಲನ್ನು ಮಾರಿ ಒಂಟಿ ಗಾಯಕನಾದ. ಮೇಳದ ಹೆಸರು ಮಾತ್ರ ಮ್ಯಾನೇಜರ್ ಜಾರ್ಜ್ ಟ್ರೆಡ್‌ವೆಲ್ ಕೈಯಲ್ಲಿತ್ತು. 1958ರಲ್ಲಿ ಆತ ಇದ್ದ ಹಾಡುಗಾರರನ್ನೆಲ್ಲ ತೆಗೆದುಹಾಕಿ, ಫೈವ್ ಕ್ರೌನ್ಸ್ ಎಂಬ ಬೇರೊಂದು ಮೇಳವನ್ನೇ ತಂದು ಡ್ರಿಫ್ಟರ್ಸ್ ಎಂದು ಕರೆದ. ಆ ಹೊಸ ಮೇಳದಲ್ಲಿದ್ದ ಬೆನ್ ಇ. ಕಿಂಗ್ ಹೆಸರಾದದ್ದು ಹೀಗೆ. ಮೆಕ್‌ಫ್ಯಾಟರ್ 1972ರಲ್ಲಿ, ನಲವತ್ತೂ ತುಂಬದೆ, ಸತ್ತ.

ಎರಡು ಕಡೆಯೂ ಗಾಯಕ ಹೋದ, ಹೆಸರು ಉಳಿಯಿತು. ಆದರೆ ಅಲ್ಲಿ ಹೆಸರು ಒಬ್ಬನ ಸೊತ್ತಾಗಿ ಉಳಿಯಿತು, ಹಾಡಿದವರು ಸಂಬಳದ ಆಳುಗಳಾದರು. ಮಾಣಿಕನಗರದಲ್ಲಿ ಯಜಮಾನಿಕೆಯೇ ಇಲ್ಲವೆಂದಲ್ಲ. ಗಾದಿ ಒಂದೇ ಮನೆತನದಲ್ಲಿ ನಡೆದುಬಂದಿದೆ, ಶಂಕರ ಮಾಣಿಕಪ್ರಭು, ಸಿದ್ಧರಾಜ ಮಾಣಿಕಪ್ರಭು, ಈಗ ಜ್ಞಾನರಾಜ ಮಾಣಿಕಪ್ರಭು. ಗಾದಿ ವಂಶದ್ದು, ಹಾಡು ಮಾತ್ರ ಊರಿನದು. ದತ್ತ ಜಯಂತಿಯ ದರ್ಬಾರಿನಲ್ಲಿ ಹೆಸರಾಂತ ಗಾಯಕರು ಬಂದು ಸೇವೆ ಸಲ್ಲಿಸುವುದೂ ಇದೇ ಲೆಕ್ಕದಲ್ಲಿ.

ಮರಾಠಿ ಪದಗಳೇ ಹೆಚ್ಚೆಂಬ ಕಾರಣಕ್ಕೆ ನಮ್ಮ ಸಾಹಿತ್ಯ ಚರಿತ್ರೆ ಈ ಪರಂಪರೆಯನ್ನು ನೆರೆಯವರಿಗೆ ಬಿಟ್ಟುಕೊಟ್ಟಂತಿದೆ. ತತ್ವಪದಗಳಿಗೆ ಸಿಕ್ಕ ಲಕ್ಷ್ಯ ಇದಕ್ಕೂ ಸಿಗಬೇಕು. ಕೊಹಿನೂರ, ಮಂಠಾಳ, ಲಾಡವಂತಿ ಸುತ್ತಿನ ಭಜನಾ ಮೇಳಗಳ ಹಿರಿಯರ ಬಳಿ ಹಾಡು ಬರೆದಿಟ್ಟ ಹಳೆಯ ವಹಿಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೆ ತೋರಿಸಿ, ಮೇಳ ಕೂಡಿ ಹಾಡುವುದನ್ನು ಮೊಬೈಲಿನಲ್ಲಾದರೂ ಧ್ವನಿಮುದ್ರಿಸಿ, ಹಿಂದೆ ತಾಳ ಹಿಡಿದವರ ಹೆಸರನ್ನೂ ಬರೆದಿಡಿ.