ಕಡ ತಂದ ಸಿಟ್ಟು: ‘ಫ್ಯಾಂಟಮ್ ಮೆನೇಸ್’ ಮತ್ತು ನಾವು

ತುಂಬಾ ದಿನದಿಂದ ಬ್ಲಾಗ್ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಗಲಾಟೆ, ಶನಿವಾರ ಯಾವುದು ಸೋಮವಾರ ಯಾವುದು ಅಂತ ಗೊತ್ತಾಗದಷ್ಟು ಕೆಲಸ. ಅದೊಂದು ಮುಗಿದ ಮೇಲೆ ಎರಡು ದಿನ ರಜಾ ಹಾಕಿ ಶಿವಮೊಗ್ಗಕ್ಕೆ ಹೋಗಿದ್ದೆ. ಅಲ್ಲಿ ಚಿಕ್ಕಮ್ಮನ ಮಗನ ಜೊತೆ ಕೂತು ಒಂದು ಹಳೇ ಸಿನಿಮಾ ನೋಡಿದೆ: 1999ರ ‘ಸ್ಟಾರ್ ವಾರ್ಸ್: ದಿ ಫ್ಯಾಂಟಮ್ ಮೆನೇಸ್’. ನೋಡಿ ಮುಗಿದ ಮೇಲೆ ಸ್ವಲ್ಪ ನಾಚಿಕೆಯಾಯಿತು. ಸಿನಿಮಾದ ಬಗ್ಗೆ ಅಲ್ಲ, ನನ್ನ ಬಗ್ಗೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಚರಿತ್ರೆ ಹೇಳಬೇಕಾಗುತ್ತೆ, ತಾಳ್ಮೆ ಇರಲಿ :-)

ಸ್ಟಾರ್ ವಾರ್ಸ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಜಾರ್ಜ್ ಲೂಕಸ್ 1977ರಲ್ಲಿ ಮೊದಲ ಸಿನಿಮಾ ಮಾಡಿದ. 1980 ಮತ್ತು 1983ರಲ್ಲಿ ಇನ್ನೆರಡು ಬಂದವು. ಬಾಹ್ಯಾಕಾಶದಲ್ಲಿ ನಡೆಯುವ ಕಥೆಯಾದರೂ ಒಳಗಿರೋದು ಪುರಾಣವೇ. ಹಳ್ಳಿಯ ಹುಡುಗ, ಮುದುಕ ಗುರು, ಕಪ್ಪು ಮುಖವಾಡದ ಖಳ ಡಾರ್ತ್ ವೇಡರ್. ಕೊನೆಗೆ ಆ ಖಳನೇ ಹುಡುಗನ ಅಪ್ಪ ಅಂತ ಗೊತ್ತಾಗುತ್ತದೆ. 1983ರ ನಂತರ ಹದಿನಾರು ವರ್ಷ ಹೊಸ ಸಿನಿಮಾ ಬರಲಿಲ್ಲ. ಆಮೇಲೆ ಲೂಕಸ್ ಹಿಂದಕ್ಕೆ ಹೋದ. ಒಬ್ಬ ಒಳ್ಳೆಯ ಮನುಷ್ಯ ಡಾರ್ತ್ ವೇಡರ್ ಆಗಿದ್ದು ಹೇಗೆ? ಆ ಪೂರ್ವಕಥೆಯ ಮೊದಲ ಭಾಗವೇ ‘ದಿ ಫ್ಯಾಂಟಮ್ ಮೆನೇಸ್’. 1977ರ ನಂತರ ಆತ ಮತ್ತೆ ನಿರ್ದೇಶನಕ್ಕೆ ಇಳಿದದ್ದೂ ಇದರಲ್ಲೇ, 22 ವರ್ಷಗಳ ಮೇಲೆ.

ಆ ಕಾಯುವಿಕೆ ಎಂಥದ್ದು ಅಂತ ಓದಿದರೆ ಈಗ ನಗು ಬರುತ್ತೆ. 1998ರ ನವೆಂಬರಿನಲ್ಲಿ ಅಮೆರಿಕದ ಕೆಲವು ಥಿಯೇಟರುಗಳಲ್ಲಿ ‘ಮೀಟ್ ಜೋ ಬ್ಲ್ಯಾಕ್’ ಥರದ ಸಿನಿಮಾಗಳ ಜೊತೆ ಇದರ ಟ್ರೇಲರ್ ತೋರಿಸಿದರು. ಜನ ಪೂರ್ತಿ ಟಿಕೆಟ್ ಕೊಂಡು ಒಳಗೆ ಹೋಗಿ, ಟ್ರೇಲರ್ ನೋಡಿ, ಅಸಲಿ ಸಿನಿಮಾ ಶುರುವಾಗುವ ಹೊತ್ತಿಗೆ ಎದ್ದು ಹೊರಗೆ ಬಂದರು! 1999ರ ಮಾರ್ಚಿನಲ್ಲಿ ಎರಡನೇ ಟ್ರೇಲರ್ ಇಂಟರ್ನೆಟ್ಟಿಗೆ ಬಂತು. ಡಯಲ್-ಅಪ್ ಕಾಲ, ಫೋನ್ ಲೈನ್ ಕುಯ್ಯೋ ಅನ್ನುತ್ತಿದ್ದಂತೆ ಗಂಟೆಗಟ್ಟಲೆ ಕಾದು ಡೌನ್‌ಲೋಡ್ ಮಾಡಿಕೊಂಡರು. ಹಾಲಿವುಡ್‌ನ ಚೈನೀಸ್ ಥಿಯೇಟರ್ ಮುಂದೆ ವಾರಗಟ್ಟಲೆ ಮೊದಲೇ ಕ್ಯೂ ನಿಂತಿತ್ತು.

1999ರ ಮೇ 19ಕ್ಕೆ ಸಿನಿಮಾ ಬಂತು. ಮೊದಲ ಅಕ್ಷರಗಳು ಪರದೆಯ ಮೇಲೆ ಉರುಳಿದವು, ಅದರಲ್ಲಿ ಇದ್ದದ್ದು... ವ್ಯಾಪಾರ ಮಾರ್ಗಗಳ ಮೇಲಿನ ತೆರಿಗೆ ವಿವಾದ. ಹದಿನಾರು ವರ್ಷ ಕಾದವರಿಗೆ ತೆರಿಗೆ! ಮುಂದೆ ಎಂಟು ವರ್ಷದ ಹುಡುಗನ ಹಾಗೆ ಕಾಣುವ ಅನಾಕಿನ್, ಅವನೇ ಮುಂದಿನ ಡಾರ್ತ್ ವೇಡರ್. ‘ಫೋರ್ಸ್’ ಅನ್ನುವ ನಿಗೂಢ ಶಕ್ತಿಗೆ ರಕ್ತ ಪರೀಕ್ಷೆ, ಮಿಡಿಕ್ಲೋರಿಯನ್ ಎಂಬ ಸೂಕ್ಷ್ಮಜೀವಿಗಳ ಲೆಕ್ಕ. ಎಲ್ಲಕ್ಕಿಂತ ಹೆಚ್ಚಾಗಿ ಜಾರ್ ಜಾರ್ ಬಿಂಕ್ಸ್. ಉದ್ದ ಕಿವಿಯ, ತಡವರಿಸುವ, ನಾಲಿಗೆ ಹೊರಚಾಚುವ, ಎಡವಿ ಬೀಳುವ ಪಾತ್ರ. ಸಿನಿಮಾ ಆ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಗಳಿಸಿತು, 92 ಕೋಟಿ ಡಾಲರಿಗೂ ಮೇಲೆ. ಮೊದಲ ವಾರಗಳ ವಿಮರ್ಶೆಗಳೂ ಎಲ್ಲವೂ ಕೆಟ್ಟವಾಗಿರಲಿಲ್ಲ. ರೋಜರ್ ಈಬರ್ಟ್ ನಾಲ್ಕಕ್ಕೆ ಮೂರೂವರೆ ನಕ್ಷತ್ರ ಕೊಟ್ಟಿದ್ದ. ಆದರೆ ಅಭಿಮಾನಿಗಳ ನಿರಾಸೆ ಮಾತ್ರ ತಿಂಗಳಿಂದ ತಿಂಗಳಿಗೆ ಗಟ್ಟಿಯಾಗುತ್ತಾ ಹೋಯಿತು. ಅದೇ ವರ್ಷ ಮಾರ್ಚ್ 31ಕ್ಕೆ ‘ಮೇಟ್ರಿಕ್ಸ್’ ಬಂದಿತ್ತು ನೋಡಿ. ಆಸ್ಕರಿನಲ್ಲಿ ಫ್ಯಾಂಟಮ್ ಮೆನೇಸ್‌ಗೆ ಮೂರು ನಾಮನಿರ್ದೇಶನ ಸಿಕ್ಕಿತ್ತು, ಮೂರನ್ನೂ ಮೇಟ್ರಿಕ್ಸೇ ಎತ್ತಿಕೊಂಡು ಹೋಯಿತು.

ಮುಂದಿನ ಹತ್ತು ವರ್ಷ ಬೈಗುಳದ ಕಾಲ. ಮೈಕ್ ನಿಕೋಲ್ಸ್ ಎಂಬ ಎಡಿಟರ್ ಸಿನಿಮಾದಿಂದ ಸುಮಾರು 20 ನಿಮಿಷ ಕತ್ತರಿಸಿ, ಜಾರ್ ಜಾರ್‌ನನ್ನು ಆದಷ್ಟು ಕಮ್ಮಿ ಮಾಡಿ, ‘ಫ್ಯಾಂಟಮ್ ಎಡಿಟ್’ ಅಂತ ತನ್ನದೇ ಆವೃತ್ತಿ ಮಾಡಿದ. 2001ರ ಹೊತ್ತಿಗೆ ಅದು ಕೈಯಿಂದ ಕೈಗೆ ಹರಿದಾಡಿತು. 2009ರ ಡಿಸೆಂಬರಿನಲ್ಲಿ ರೆಡ್ ಲೆಟರ್ ಮೀಡಿಯಾದವರು ಯೂಟ್ಯೂಬಿನಲ್ಲಿ 70 ನಿಮಿಷದ ಒಂದು ವಿಮರ್ಶೆ ಹಾಕಿದರು, ಏಳು ಕಂತುಗಳಲ್ಲಿ. ನಗಿಸುತ್ತಾ ನಗಿಸುತ್ತಾ ಸಿನಿಮಾದ ಮೂಳೆ ಮೂಳೆ ಬಿಡಿಸಿಟ್ಟ ವಿಮರ್ಶೆ ಅದು. 2010ರಲ್ಲಿ ‘ದಿ ಪೀಪಲ್ ವರ್ಸಸ್ ಜಾರ್ಜ್ ಲೂಕಸ್’ ಅಂತ ಒಂದು ಸಾಕ್ಷ್ಯಚಿತ್ರವೇ ಬಂತು. ಹೆಸರು ನೋಡಿ, ಕೋರ್ಟ್ ಕೇಸಿನ ಹಾಗೆ!

ಈಗ ನನ್ನ ಕಥೆ. ಸಿನಿಮಾ ಬಂದಾಗ ನನಗೆ ಎರಡು ವರ್ಷ. ನಾನು ನೋಡಿದ್ದು ಎಂಟನೇ ವಯಸ್ಸಿನಲ್ಲಿ, ಮಾವ ತಂದಿದ್ದ ವಿಸಿಡಿಯಲ್ಲಿ. ಎರಡು ಡಿಸ್ಕು, ಎರಡನೆಯದರ ಮೇಲೆ ಗೀರು. ನನಗೆ ಅದು ಕಾಯ್ದ ಸಿನಿಮಾ ಅಲ್ಲ, ಹಳೆಯದರ ಜೊತೆ ಹೋಲಿಸೋಕೆ ಹಳೆಯದನ್ನು ನೋಡಿಯೂ ಇರಲಿಲ್ಲ. ಪಾಡ್ ರೇಸ್ ನೋಡಿ ಹುಚ್ಚು ಹಿಡಿದು ನಮ್ಮನೆ ಮಂಚವನ್ನೇ ಪಾಡ್ ಮಾಡಿಕೊಂಡಿದ್ದೆ. ಜಾರ್ ಜಾರ್ ಬಂದಾಗಲೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ.

2015ರಲ್ಲಿ ಇಂಜಿನಿಯರಿಂಗ್ ಸೇರಿದೆ. ಹಾಸ್ಟೆಲ್ಲಿನಲ್ಲಿ ಸೀನಿಯರೊಬ್ಬರು ಆ 70 ನಿಮಿಷದ ವಿಮರ್ಶೆ ತೋರಿಸಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವತ್ತಿನಿಂದ ಫ್ಯಾಂಟಮ್ ಮೆನೇಸ್ ನನ್ನ ಲೆಕ್ಕದಲ್ಲಿ ಡಬ್ಬಾ ಸಿನಿಮಾ. ಗಮನಿಸಿ, ನಾನು ಸಿನಿಮಾವನ್ನು ಮತ್ತೊಮ್ಮೆ ನೋಡಲೇ ಇಲ್ಲ! ವಿಮರ್ಶೆ ನೋಡಿದೆ, ಅಷ್ಟೇ. 2016ರಲ್ಲಿ ರಜೆಗೆ ಊರಿಗೆ ಹೋದಾಗ ಚಿಕ್ಕಮ್ಮನ ಮಗ (ಆಗ ಏಳು ವರ್ಷ) ನನ್ನ ಲ್ಯಾಪ್‌ಟಾಪಿನಲ್ಲಿ ಇದನ್ನು ಹಾಕಿಕೊಂಡು ಜಾರ್ ಜಾರ್ ನೋಡಿ ಕೇಕೆ ಹಾಕುತ್ತಿದ್ದ. ನಾನು ಹೋಗಿ “ಇದನ್ನೆಲ್ಲ ನೋಡಿ ನಗ್ತೀಯಲ್ಲೋ, ಬೇರೆ ಒಳ್ಳೇದು ಹಾಕ್ಕೊಡ್ತೀನಿ” ಅಂತ ನಿಲ್ಲಿಸಿಬಿಟ್ಟೆ. ಮುಖ ಸಪ್ಪೆ ಮಾಡಿಕೊಂಡು ಎದ್ದು ಹೋದ.

2018ರ ಜುಲೈನಲ್ಲಿ ಅಹ್ಮದ್ ಬೆಸ್ಟ್ ಒಂದು ಟ್ವೀಟ್ ಹಾಕಿದ. ಜಾರ್ ಜಾರ್ ಪಾತ್ರ ಮಾಡಿದವನು ಇವನೇ. ‘ಸ್ಟಾಂಪ್’ ಎಂಬ ರಂಗಪ್ರದರ್ಶನದಲ್ಲಿದ್ದ ಕಲಾವಿದ. ಸಿನಿಮಾ ಬಂದಾಗ ಅವನಿಗೆ 25 ವರ್ಷ, ಅಂದರೆ ಈಗಿನ ನನಗಿಂತ ಚಿಕ್ಕವನು. ಬ್ರೂಕ್ಲಿನ್ ಸೇತುವೆಯ ಮೇಲೆ ಮಗನ ಜೊತೆ ನಿಂತ ಫೋಟೋ. ಸುಮಾರು ಇಪ್ಪತ್ತು ವರ್ಷದ ಹಿಂದೆ, ತನ್ನ ಮೇಲೆ ಸುರಿದ ನಿಂದನೆ ತಡೆಯಲಾಗದೆ, ಇದೇ ಜಾಗದಲ್ಲಿ ಜೀವ ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದೆ ಅಂತ ಬರೆದಿದ್ದ. ಅನಾಕಿನ್ ಪಾತ್ರ ಮಾಡಿದ ಜೇಕ್ ಲಾಯ್ಡ್‌ಗೆ ಚಿತ್ರೀಕರಣದ ಹೊತ್ತಿಗೆ ಎಂಟು ವರ್ಷ. ಶಾಲೆಯಲ್ಲಿ ಹುಡುಗರು ಅವನನ್ನು ಕಂಡರೆ ಸಾಕು, ಲೈಟ್‌ಸೇಬರ್ ಸದ್ದು ಮಾಡಿ ಕಾಡುತ್ತಿದ್ದರಂತೆ. 2001ರಲ್ಲೇ ನಟನೆ ಬಿಟ್ಟ.

ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಕಥೆ ಬರೆದವನು, ದುಡ್ಡು ಹಾಕಿದವನು, ಎಲ್ಲ ತೀರ್ಮಾನ ತೆಗೆದುಕೊಂಡವನು ಲೂಕಸ್. ಏಟು ಬಿದ್ದದ್ದು ಹೇಳಿದಷ್ಟು ಮಾಡಿದ ಇಬ್ಬರ ಮೇಲೆ, ಅದರಲ್ಲಿ ಒಬ್ಬ ಮಗು. ನಮ್ಮ ಕೆಲಸದಲ್ಲೂ ಕೋಡ್ ರಿವ್ಯೂ ಅಂತ ಮಾಡ್ತೀವಿ. ಕೋಡನ್ನು ಎಷ್ಟು ಬೇಕಾದರೂ ಬೈಯಿ, ಬರೆದವನನ್ನು ಬೈಬೇಡ ಅಂತ ಮೊದಲ ದಿನವೇ ಹೇಳಿಕೊಡ್ತಾರೆ. ಇಲ್ಲಿ ನಾವು ಡಿಸೈನ್ ಮಾಡಿದವನನ್ನು ಬಿಟ್ಟು ಟೈಪ್ ಮಾಡಿದವನನ್ನು ಹಿಡಿದು ಬಡಿದಿದ್ದೆವು.

ಇಷ್ಟೊತ್ತಿಗೆ ಗಾಳಿಯ ದಿಕ್ಕು ಬದಲಾಗಿತ್ತು. 1977ರಲ್ಲಿ ಹತ್ತು ವರ್ಷದವನಾಗಿದ್ದವನಿಗೆ 1999ರಲ್ಲಿ 32. ತನ್ನ ಬಾಲ್ಯ ವಾಪಸ್ ಬರುತ್ತೆ ಅಂತ ಕಾದವನು ಅವನು. ಬಂದದ್ದು ಇನ್ನೊಬ್ಬರ ಬಾಲ್ಯಕ್ಕಾಗಿ ಮಾಡಿದ ಸಿನಿಮಾ. 1999ರಲ್ಲಿ ಎಂಟು ವರ್ಷದವನಿಗೆ 2018ರಲ್ಲಿ 27. ಈಗ ಬರೆಯುವವನು, ಮಾತಾಡುವವನು, ಮೀಮ್ ಮಾಡುವವನು ಅವನು. 2008ರಿಂದ ಬಂದ ‘ಕ್ಲೋನ್ ವಾರ್ಸ್’ ಕಾರ್ಟೂನು ಸರಣಿ ಆ ಕಾಲದ ಕಥೆಗೆ ಸಾಕಷ್ಟು ಮಾಂಸ ತುಂಬಿತ್ತು. 2012ರಲ್ಲಿ ಲೂಕಸ್ ತನ್ನ ಕಂಪನಿಯನ್ನು ಡಿಸ್ನಿಗೆ 400 ಕೋಟಿ ಡಾಲರಿಗೆ ಮಾರಿದ. 2015ರಿಂದ 2019ರ ವರೆಗೆ ಬಂದ ಮೂರು ಹೊಸ ಸಿನಿಮಾಗಳು ಕೆಲವರಿಗೆ ಹಳೆಯದರ ನಕಲಿನ ಹಾಗೆ ಕಂಡವು. ಆಗ “ಲೂಕಸ್ ಎಡವಿದ ನಿಜ, ಆದ್ರೆ ಹೊಸ ದಾರೀಲಿ ಎಡವಿದ” ಅನ್ನೋ ಮಾತು ಶುರುವಾಯಿತು.

ಮತ್ತೆ ನೋಡಿದಾಗ ನನಗೆ ಕಂಡದ್ದು ಇಷ್ಟು. ನಾವು ನಕ್ಕ ಆ ತೆರಿಗೆ ಜಗಳ ಸುಮ್ಮನೆ ಅಲ್ಲ. ನಬೂ ಎಂಬ ಗ್ರಹಕ್ಕೆ ವ್ಯಾಪಾರಿಗಳ ಕೂಟ ದಿಗ್ಬಂಧನ ಹಾಕುತ್ತದೆ, ಸೆನೆಟ್ ಚರ್ಚೆಯಲ್ಲೇ ಕಾಲ ತಳ್ಳುತ್ತದೆ. ನಬೂವಿನ ಸೆನೆಟರ್ ಪಾಲ್ಪಟೀನ್ ಅದೇ ಬಿಕ್ಕಟ್ಟನ್ನು ಹಿಡಿದು ಅವಿಶ್ವಾಸ ನಿರ್ಣಯ ತರಿಸಿ, ತಾನೇ ಚಾನ್ಸೆಲರ್ ಆಗುತ್ತಾನೆ. ಬಿಕ್ಕಟ್ಟು ಎಬ್ಬಿಸಿದವನೂ ಅವನೇ. ಖಳನಾಯಕ ಗೆದ್ದದ್ದು ಕತ್ತಿಯಿಂದಲ್ಲ, ಓಟಿನಿಂದ. ಪ್ರಜಾಪ್ರಭುತ್ವ ಸರ್ವಾಧಿಕಾರವಾಗೋದು ಹೇಗೆ ಅನ್ನುವ ಪ್ರಶ್ನೆ ವಿಯೆಟ್ನಾಂ ಯುದ್ಧ, ನಿಕ್ಸನ್ ಕಾಲದಲ್ಲೇ ತನಗೆ ಹುಟ್ಟಿದ್ದು ಅಂತ ಲೂಕಸ್ 2005ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಹೇಳಿದ್ದ. ಎಂಟು ವರ್ಷಕ್ಕೆ ಇದು ಅರ್ಥವಾಗಿರಲಿಲ್ಲ. ಹದಿನೆಂಟಕ್ಕೆ ಅರ್ಥ ಮಾಡಿಕೊಳ್ಳುವ ಮನಸ್ಸೇ ಇರಲಿಲ್ಲ.

ಕೊನೆಯ ಕತ್ತಿವರಸೆಗೆ ಜಾನ್ ವಿಲಿಯಮ್ಸ್ ಬರೆದ ಸಂಗೀತ ‘ಡ್ಯುಯೆಲ್ ಆಫ್ ದಿ ಫೇಟ್ಸ್’. ಅದರ ಕೋರಸ್ ಹಾಡೋದು ಸಂಸ್ಕೃತದಲ್ಲಿ! ಹಳೆಯ ವೆಲ್ಶ್ ಕವಿತೆಯೊಂದರ ಸಾಲನ್ನು ಸಂಸ್ಕೃತಕ್ಕೆ ತಿರುಗಿಸಿ, ಪದಗಳನ್ನು ಸ್ವರದ ಚಂದಕ್ಕಾಗಿ ಜೋಡಿಸಿದ್ದಾರೆ. ಎಷ್ಟು ಕಿವಿಗೊಟ್ಟರೂ ನಮಗೆ ಸಂಸ್ಕೃತ ಅಂತ ಗುರುತು ಹತ್ತೋದಿಲ್ಲ, ಅದು ಬೇರೆ ಮಾತು :-) ‘ಕ್ಲೋನ್ ವಾರ್ಸ್’ ಸರಣಿಯ ಡೇವ್ ಫಿಲೋನಿ 2020ರಲ್ಲಿ ಈ ಕಾಳಗದ ಬಗ್ಗೆ ಒಂದು ಮಾತು ಹೇಳಿದ. ಇಲ್ಲಿ ನಿರ್ಧಾರವಾಗೋದು ಅನಾಕಿನ್‌ನ ಹಣೆಬರಹ. ಅವನಿಗೆ ತಂದೆಯಾಗಬಲ್ಲವನು ಕ್ವಾಯ್-ಗಾನ್ ಒಬ್ಬನೇ, ಅವನು ಸಾಯುತ್ತಾನೆ. ಆಮೇಲೆ ಸಿಕ್ಕ ಓಬಿ-ವಾನ್ ಅಣ್ಣನಾಗಬಲ್ಲ, ಅಪ್ಪನಾಗಲಾರ. ಇದನ್ನು ಕೇಳಿದ ಮೇಲೆ ಆ ದೃಶ್ಯವನ್ನು ಮೊದಲಿನ ಹಾಗೆ ನೋಡೋಕೆ ನನಗಾಗಲಿಲ್ಲ.

“ಎಲ್ಲಾ ಕಂಪ್ಯೂಟರ್ ಕೈಚಳಕ” ಅಂತ ನಾವು ಆಡಿಕೊಳ್ತಿದ್ದೆವಲ್ಲ, ಅದೂ ಪೂರ್ತಿ ನಿಜವಲ್ಲ. ಸಿನಿಮಾದ ಹೆಚ್ಚಿನ ಭಾಗ ಫಿಲ್ಮಿನಲ್ಲೇ ತೆಗೆದದ್ದು. ಮರಳುಗಾಡು ಟುನೀಷಿಯಾದ್ದು, ರಾಣಿಯ ಅರಮನೆ ಇಟಲಿಯ ಕಸೆರ್ಟಾದ್ದು. ಪಾಡ್ ರೇಸಿನ ಪ್ರೇಕ್ಷಕರಲ್ಲಿ ಬಹಳಷ್ಟು ಜನ ಬಣ್ಣ ಹಚ್ಚಿ ಸಾಲಾಗಿ ಚುಚ್ಚಿದ ಕಿವಿ ಒರೆಸುವ ಹತ್ತಿ ಕಡ್ಡಿಗಳು! ಇನ್ನು ಕಂಪ್ಯೂಟರಿನಲ್ಲಿ ಮಾಡಿದ್ದಕ್ಕೆ ಬಂದರೆ, ನಟನೊಬ್ಬ ಸೆಟ್ಟಿನಲ್ಲಿ ಅಭಿನಯಿಸಿ, ಅವನ ಚಲನೆಯನ್ನು ಹಿಡಿದು ಒಂದು ಮುಖ್ಯ ಪಾತ್ರವನ್ನೇ ಕಟ್ಟುವ ಕೆಲಸಕ್ಕೆ ದಾರಿ ಮಾಡಿದವನು ಬೆಸ್ಟ್. 2002ರಲ್ಲಿ ಬಂದ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಗಾಲಮ್‌ಗೆ ಚಪ್ಪಾಳೆ ಹೊಡೆದ ಲೋಕ ಇವನನ್ನು ಮರೆತಿತ್ತು.

ಹಾಗಂತ ಇದನ್ನು ಮಹಾನ್ ಚಿತ್ರ ಅಂತ ನಾನು ಹೇಳೋದಿಲ್ಲ. ಸಂಭಾಷಣೆ ಇವತ್ತಿಗೂ ಒಣಕಲು, ಮಿಡಿಕ್ಲೋರಿಯನ್ ಇವತ್ತಿಗೂ ಬೇಡದ ವಿವರಣೆ. ಕೆಲವು ಅನ್ಯಗ್ರಹದವರ ಉಚ್ಚಾರಣೆಯಲ್ಲಿ ನಿಜ ಜನಾಂಗಗಳ ಅಣಕ ಇದೆ ಅಂತ 1999ರಲ್ಲೇ ಬಂದ ಆಕ್ಷೇಪಕ್ಕೆ ಉತ್ತರ ಈಗಲೂ ಸಿಗೋದಿಲ್ಲ. ಅವತ್ತು ನಿರಾಸೆಯಾದವರು ಸುಳ್ಳು ಹೇಳಿದವರಲ್ಲ, ಅವರ ನಿರಾಸೆ ಅವರದ್ದೇ. ಸುಳ್ಳು ಇದ್ದದ್ದು ನನ್ನಂಥವರಲ್ಲಿ. ನನಗೆ ಆಗದ ನಿರಾಸೆಯನ್ನು ಕಡ ತಂದು, ಬಡ್ಡಿ ಸಮೇತ ಬೇರೆಯವರ ಮೇಲೆ ತೀರಿಸಿದವರು ನಾವು.

ಈ ಮರುಮೌಲ್ಯಮಾಪನದಿಂದ ನಾವು ಪಾಠ ಕಲಿತೆವು ಅಂತ ಹೇಳೋಕೂ ಧೈರ್ಯ ಸಾಲದು. ಬೆಸ್ಟ್ ಆ ಟ್ವೀಟ್ ಹಾಕುವ ಒಂದು ತಿಂಗಳ ಹಿಂದೆ, 2018ರ ಜೂನಿನಲ್ಲಿ, ಹೊಸ ಸಿನಿಮಾದ ನಟಿ ಕೆಲ್ಲಿ ಮೇರಿ ಟ್ರಾನ್ ಇದೇ ಥರದ ಕಾಟ ಅನುಭವಿಸಿ ಇನ್‌ಸ್ಟಾಗ್ರಾಮಿನ ತನ್ನ ಪೋಸ್ಟುಗಳನ್ನೆಲ್ಲ ಅಳಿಸಿದ್ದಳು. ಹಳೆಯ ತಪ್ಪಿಗೆ ಕ್ಷಮೆ ಕೇಳುತ್ತಲೇ ಹೊಸದನ್ನು ಮಾಡುತ್ತಿದ್ದೆವು.

ಆದರೂ ಒಂದಿಷ್ಟು ಸರಿಹೋಯಿತು. 2019ರ ಏಪ್ರಿಲಿನಲ್ಲಿ ಚಿಕಾಗೋದಲ್ಲಿ ಸಿನಿಮಾದ ಇಪ್ಪತ್ತು ವರ್ಷದ ನೆನಪಿನ ಕಾರ್ಯಕ್ರಮಕ್ಕೆ ಬೆಸ್ಟ್ ಬಂದಾಗ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. 2023ರ ‘ಮ್ಯಾಂಡಲೋರಿಯನ್’ ಕಂತೊಂದರಲ್ಲಿ ಅವನು ಜೆಡೈ ಆಗಿ ಬಂದು, ಮಗು ಗ್ರೋಗುವನ್ನು ಕಾಪಾಡಿದ. 2024ರ ಮೇ ತಿಂಗಳಲ್ಲಿ ಫ್ಯಾಂಟಮ್ ಮೆನೇಸ್ 25ನೇ ವರ್ಷಕ್ಕೆ ಮತ್ತೆ ತೆರೆಗೆ ಬಂದು, ಅಮೆರಿಕದಲ್ಲಿ ಆ ವಾರಾಂತ್ಯದ ಗಳಿಕೆಯಲ್ಲಿ ಎರಡನೇ ಸ್ಥಾನದಲ್ಲಿತ್ತು.

ಮೊನ್ನೆ ಊರಿನಲ್ಲಿ ಸಿನಿಮಾ ಮುಗಿದಾಗ ರಾತ್ರಿ ಹನ್ನೊಂದೂವರೆ. ಹುಡುಗ ಈಗ ಪಿಯುಸಿ, ಮೀಸೆ ಚಿಗುರಿದೆ. ಜಾರ್ ಜಾರ್ ನೋಡಿ ಒಂದೆರಡು ಸಲ ನಕ್ಕ, ಮೊದಲಿನಷ್ಟಲ್ಲ. ಲ್ಯಾಪ್‌ಟಾಪ್ ಮುಚ್ಚುವಾಗ ಕೇಳಿದ: “ಅಣ್ಣಾ, ಅವತ್ತು ಯಾಕೆ ಅರ್ಧಕ್ಕೆ ನಿಲ್ಲಿಸ್ದೆ?”

ಮರೆತಿರುತ್ತಾನೆ ಅಂದುಕೊಂಡಿದ್ದೆ. “ಚೆನ್ನಾಗಿಲ್ಲ ಅಂತ ಯಾರೋ ಹೇಳಿದ್ರು ಕಣೋ” ಅಂದೆ.

“ನೀನು ನೋಡಿದ್ಯಲ್ಲ?” ಅಂದ.

ಹೌದು, ನೋಡಿದ್ದೆ. ಮಂಚದ ಪಾಡ್ ಏರಿ ಕೂತು ನೋಡಿದ್ದೆ.

ನೀವೂ ಹೀಗೆ ಕಡ ತಂದ ಸಿಟ್ಟು ಯಾವುದಾದರೂ ಇಟ್ಟುಕೊಂಡಿದ್ದೀರಾ? ಒಂದು ಸಿನಿಮಾ, ಒಂದು ಪುಸ್ತಕ, ಒಬ್ಬ ಮನುಷ್ಯನ ಮೇಲೆ? ಇದ್ದರೆ ಬರೆಯಿರಿ, ಓದುತ್ತೇನೆ. ಮುಂದಿನ ರಿಲೀಸ್ ಗಲಾಟೆ ಶುರುವಾಗುವ ಮೊದಲು ಮತ್ತೆ ಸಿಗೋಣ.