ಅಚ್ಚು ಒಂದು, ಬಣ್ಣ ಹಲವು: ಕೋರ್ಸೇರ್ ಡೈ-ಕಾಸ್ಟ್ ಮಾದರಿಗಳ ಬಗ್ಗೆ ಒಂದು ಟಿಪ್ಪಣಿ

ಎರಡನೆಯ ಮಹಾಯುದ್ಧದ ನೌಕಾ ವಿಮಾನಗಳ ಡೈ-ಕಾಸ್ಟ್ ಮಾದರಿ ಎಷ್ಟು ನಿಖರ ಎಂಬುದನ್ನು ಸಂಗ್ರಾಹಕರು ಸಾಮಾನ್ಯವಾಗಿ ಬಣ್ಣ ನೋಡಿ ತೀರ್ಮಾನಿಸುತ್ತಾರೆ. ಬಣ್ಣವನ್ನೂ ಲೋಹವನ್ನೂ ಬೇರೆ ಬೇರೆಯಾಗಿ ಓದಬೇಕೆಂಬುದು ಈ ಟಿಪ್ಪಣಿಯ ವಾದ. ಉದಾಹರಣೆಗೆ ಆರಿಸಿಕೊಂಡದ್ದು ಅಮೆರಿಕದ ವಾಟ್ ಕಂಪನಿಯ ಎಫ್4ಯು ಕೋರ್ಸೇರ್, 1:72 ಅಳತೆಯಲ್ಲಿ.

ಕರಗಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸಿ ಈ ಮಾದರಿಗಳನ್ನು ಎರಕ ಹೊಯ್ಯುತ್ತಾರೆ. ಅಚ್ಚು ಕೊರೆಸುವುದು ದುಬಾರಿ, ಗುರುತುಗಳನ್ನು ಮುದ್ರಿಸುವುದು ಅಗ್ಗ. ಹಾಗಾಗಿ ಒಂದೇ ಅಚ್ಚಿನ ವಿಮಾನ ಹಲವು ಸ್ಕ್ವಾಡ್ರನ್‌ಗಳ ವೇಷದಲ್ಲಿ ಮಾರುಕಟ್ಟೆಗೆ ಬರುತ್ತದೆ. ವ್ಯಾಪಾರವೆಂದ ಮೇಲೆ ಅದು ಸಹಜ. ತೊಡಕು ಹುಟ್ಟುವುದು ನಿಜವಾದ ವಿಮಾನದ ಆಕಾರವೇ ಬದಲಾಗಿದ್ದ ಕಡೆ.

ಬ್ರಿಟಿಷ್ ನೌಕಾಪಡೆಯ ಕೋರ್ಸೇರ್‌ಗಳನ್ನೇ ನೋಡಿ. ಅವರ ವಿಮಾನವಾಹಕ ನೌಕೆಗಳಲ್ಲಿ ಹ್ಯಾಂಗರಿನ ಚಾವಣಿ ತಗ್ಗು. ಮೇಲಕ್ಕೆ ಮಡಿಚಿದ ರೆಕ್ಕೆ ಅಲ್ಲಿ ಹಿಡಿಸದೆ, ಒಂದೊಂದು ತುದಿಯಿಂದಲೂ ಸುಮಾರು ಎಂಟು ಇಂಚು ಕತ್ತರಿಸಿದರು. 1:72ರಲ್ಲಿ ಇದು 2.8 ಮಿಲಿಮೀಟರ್. ಅಮೆರಿಕನ್ ಕೋರ್ಸೇರ್‌ನ ರೆಕ್ಕೆಯಗಲ 12.5 ಮೀಟರ್, ಮಾದರಿಯಲ್ಲಿ 17.4 ಸೆಂಟಿಮೀಟರ್ ಬರಬೇಕು. ಬ್ರಿಟಿಷ್ ಮಾದರಿಯಲ್ಲಿ 16.8 ಸಾಕು, ತುದಿಯೂ ಗುಂಡಗಿರದೆ ಮೊಟಕಾಗಿರಬೇಕು. 1944ರ ಏಪ್ರಿಲ್‌ನಲ್ಲಿ ಸುಮಾತ್ರಾ ಬಳಿಯ ಸಬಾಂಗ್ ಮೇಲೆ ದಾಳಿ ಮಾಡಿದ 'ಇಲಸ್ಟ್ರಿಯಸ್' ನೌಕೆಯ ವಿಮಾನವೆಂದು ಪೆಟ್ಟಿಗೆ ಹೇಳುತ್ತಿದ್ದು, ರೆಕ್ಕೆ ಮಾತ್ರ 17.4 ಇದ್ದರೆ, ಅದು ಬ್ರಿಟಿಷ್ ಬಣ್ಣ ಬಳಿದ ಅಮೆರಿಕನ್ ಅಚ್ಚು. ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಈ ಪರೀಕ್ಷೆಗೆ ನಿಮಿಷವೂ ಬೇಡ.

ಕಾಕ್‌ಪಿಟ್ ಇನ್ನೊಂದು ಸುಳಿವು. ಮೊದಲ ಎಫ್4ಯು-1ರ ಗಾಜಿನ ಹೊದಿಕೆಗೆ ಪಂಜರದಂತೆ ಪಟ್ಟಿಗಳಿದ್ದವು. ಸೀಟಿನ ಹಿಂದೆ, ಒಡಲಿನ ಇಕ್ಕೆಲಗಳಲ್ಲಿ ಪುಟ್ಟ ಕಿಟಕಿಗಳಿದ್ದವು. ಮುಂದೆ 1ಎ ಎಂದು ಕರೆಸಿಕೊಂಡ ರೂಪದಲ್ಲಿ ಸೀಟನ್ನು ಎತ್ತರಿಸಿದರು, ಹೊದಿಕೆ ಉಬ್ಬಿತು, ಆ ಕಿಟಕಿಗಳು ಮಾಯವಾದವು. ಹೊದಿಕೆ ಪ್ಲಾಸ್ಟಿಕ್, ಬದಲಿಸುವುದು ಸುಲಭ. ಕಿಟಕಿಯ ಜಾಗ ಲೋಹದಲ್ಲಿದೆ, ನಂಬಬೇಕಾದದ್ದು ಅದನ್ನು.

ಬಣ್ಣ ಕಾಲವನ್ನು ಹೇಳುತ್ತದೆ, ಅದೂ ತಿಂಗಳುಗಳ ಲೆಕ್ಕದಲ್ಲಿ. ಅಮೆರಿಕನ್ ವಿಮಾನಗಳ ಗುರುತಾದ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು 1942ರ ಮೇನಲ್ಲಿ ತೆಗೆದರು. ಜಪಾನಿನ ಕೆಂಪು ಸೂರ್ಯನೆಂದು ತಮ್ಮವರೇ ಗುಂಡು ಹಾರಿಸಬಾರದೆಂಬ ಎಚ್ಚರಿಕೆ. 1943ರ ಜೂನ್ ಕೊನೆಯ ಆದೇಶದಿಂದ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿ, ಸುತ್ತ ಕೆಂಪು ಅಂಚು ಬಂದವು. ಆಗಸ್ಟ್ ಮಧ್ಯದಲ್ಲೇ ಅಂಚು ನೀಲಿಯಾಯಿತು. ಆದೇಶ ಪೆಸಿಫಿಕ್‌ನ ಎಲ್ಲ ದ್ವೀಪಗಳಿಗೂ ಒಂದೇ ದಿನ ತಲುಪಲಿಲ್ಲ ನಿಜ. ಆದರೂ ಕೆಂಪು ಅಂಚಿನ ಕೋರ್ಸೇರ್‌ಗೆ 1944ರ ಕದನವನ್ನು ಅಂಟಿಸಿದ ಪೆಟ್ಟಿಗೆಯನ್ನು ಅನುಮಾನದಿಂದಲೇ ನೋಡಬೇಕು.

ಲೋಹ, ಬಣ್ಣ ಎರಡೂ ಸರಿಯಿದ್ದು ಕತೆ ತಪ್ಪುವುದೂ ಉಂಟು. ಮರೀನ್ ಸ್ಕ್ವಾಡ್ರನ್ 214ರ ನಾಯಕ ಗ್ರೆಗರಿ ಬಾಯಿಂಗ್ಟನ್ ಹೆಸರಿನಲ್ಲಿ ಮಾರಾಟವಾಗುವ ಮಾದರಿಗಳ ಮೇಲೆ ಮತ್ತೆ ಮತ್ತೆ ಕಾಣುವ ಸಂಖ್ಯೆ 86. ಆ ವಿಮಾನ ಇದ್ದದ್ದು ಖರೆ, ಅದರಲ್ಲಿ ಕುಳಿತ ಅವನ ಫೋಟೋ ಇರುವುದೂ ಖರೆ. ಅದು ಪತ್ರಿಕಾ ಪ್ರಚಾರಕ್ಕೆ ಸಿಂಗರಿಸಿದ ವಿಮಾನ. ಆ ಸ್ಕ್ವಾಡ್ರನ್‌ನಲ್ಲಿ ಪೈಲಟ್‌ಗೊಂದು ಸ್ವಂತ ವಿಮಾನವೆಂಬ ಪದ್ಧತಿಯೇ ಇರಲಿಲ್ಲ, ಅಂದು ಹಾರಲು ಸಿದ್ಧವಿದ್ದುದನ್ನು ಹತ್ತುತ್ತಿದ್ದರು. 1944ರ ಜನವರಿ 3ರಂದು ಬಾಯಿಂಗ್ಟನ್ ಬಿದ್ದದ್ದು ಬೇರೊಂದು ಕೋರ್ಸೇರ್‌ನಲ್ಲಿ. ಮಾದರಿ ತಯಾರಕರ ಆಕರ ಯುದ್ಧದ ದಾಖಲೆಯಲ್ಲ, ಫೋಟೋ. ಫೋಟೋ ಸಿಕ್ಕದ ವಿಮಾನಕ್ಕೆ ಬಣ್ಣ ಬಳಿಯುವುದಾದರೂ ಹೇಗೆ?

ಅದೇ ಯುದ್ಧದ ಇನ್ನೊಂದು ನೌಕಾ ವಿಮಾನವಾದ ಗ್ರಮ್ಮನ್ ವೈಲ್ಡ್‌ಕ್ಯಾಟ್‌ನಲ್ಲಿ ಇದೇ ಸಮಸ್ಯೆ ಇನ್ನೂ ಸೂಕ್ಷ್ಮ. ಅಮೆರಿಕದ ನೌಕಾಪಡೆಯ ಪೈಲಟ್ ಎಡ್ವರ್ಡ್ ಓಹೇರ್ 1942ರ ಫೆಬ್ರವರಿ 20ರಂದು ಹೋರಾಡಿದ್ದು ಎಫ್-15 ಗುರುತಿನ ವಿಮಾನದಲ್ಲಿ. ಹೆಸರಾಂತ ಫೋಟೋದಲ್ಲಿ ತನ್ನ ಸ್ಕ್ವಾಡ್ರನ್ ನಾಯಕ ಥ್ಯಾಚ್ ಪಕ್ಕದಲ್ಲಿ ಅವನು ಹಾರಿಸುತ್ತಿರುವುದು ಎಫ್-13, ಅದೂ ಏಪ್ರಿಲ್‌ನಲ್ಲಿ. ಎರಡೂ ದಿನ ಕೆಂಪು ಚುಕ್ಕೆಯ ನಕ್ಷತ್ರ, ಬಾಲದ ಕೆಂಪು-ಬಿಳಿ ಪಟ್ಟಿಗಳು ನಿಯಮದಂತೆಯೇ ಇದ್ದವು. ಆದ್ದರಿಂದ ಇಲ್ಲಿ ನಕ್ಷತ್ರ ನೆರವಾಗದು. ಫೆಬ್ರವರಿಯ ಕದನವನ್ನು ಹೇಳುವ ಪೆಟ್ಟಿಗೆಯಲ್ಲಿ ನೋಡಬೇಕಾದದ್ದು ಒಡಲಿನ ಮೇಲಿನ ಅಂಕಿಯನ್ನು.