ಎಡಗೈಯ ಪಾಲು

ಬೇಲೂರಿನ ಚನ್ನಕೇಶವ ಗುಡಿಯ ಮದನಿಕೆಯರಲ್ಲಿ ಢಕ್ಕೆ ಹಿಡಿದವಳಿದ್ದಾಳೆ. ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಗಳ ಮೇಲೆ ಮದ್ದಳೆಯವರು, ತಾಳದವರು, ಕೊಳಲೂದುವ ಕೃಷ್ಣ ಎಲ್ಲರೂ ಇದ್ದಾರೆ. 1117ರಲ್ಲಿ ಬೇಲೂರಿನ ಗುಡಿಯ ಪ್ರತಿಷ್ಠೆ ಮಾಡಿಸಿದ ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆ ಎಂದು ಶಾಸನಗಳು ಹೊಗಳುತ್ತವೆ. ಇಷ್ಟು ಹಳೆಯ ಸಂಗೀತದ ಸೀಮೆಗೆ ಬಿಳಿ-ಕಪ್ಪು ಕೀಗಳ ವಾದ್ಯ ಬಂದದ್ದು ತೀರಾ ಈಚೆಗೆ, ನಾಟಕದ ಬೆನ್ನು ಹಿಡಿದು. ನಾನು ಆ ನಾಟಕದ ಕಡೆಯವನು. ನಮ್ಮಪ್ಪ ಹಾರ್ಮೋನಿಯಂ ಮೇಷ್ಟ್ರು, ನಾನೂ ಅದೇ. ಬೇಲೂರು, ಹಳೇಬೀಡು, ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುತ್ತಾ ಬಾಳಿದ ಮನೆತನ ನಮ್ಮದು.

ಈಗ ನನ್ನ ಹತ್ತಿರ ಬರುವ ಹುಡುಗರ ಕಂಕುಳಲ್ಲಿ ಕೀಬೋರ್ಡ್ ಇರುತ್ತದೆ. "ಮೇಷ್ಟ್ರೇ, ಮೊದಲು ಕಾರ್ಡ್ ಹೇಳಿಕೊಡಿ" ಅನ್ನುತ್ತಾರೆ. ಮೂರು ಸ್ವರ ಒಟ್ಟಿಗೆ ಒತ್ತುವುದು ಪರದೇಶದ ವಿದ್ಯೆ, ಸಿನಿಮಾದವರ ವಿದ್ಯೆ, ನಮ್ಮೂರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವರ ಮನೆಯ ಹಿರಿಯರು ತಿಳಿದಿದ್ದಾರೆ. ಸಂಬಂಧ ಇದೆ. ಅದನ್ನು ತಿಳಿಯಬೇಕಾದರೆ ಕಳೆದ ನೂರು-ನೂರೈವತ್ತು ವರ್ಷಗಳಲ್ಲಿ ವಾದ್ಯಗಾರನ ಎಡಗೈ ಏನು ಮಾಡುತ್ತಿತ್ತು ಎಂದು ನೋಡಬೇಕು.

1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕಾಲಲ್ಲಿ ತಿದಿ ಒತ್ತುವ ವಾದ್ಯ. ಕುರ್ಚಿಯ ಮೇಲೆ ಕೂತು ಎರಡು ಪಾದಗಳಿಂದ ಗಾಳಿ ತುಂಬಿದರೆ ಎರಡು ಕೈಯೂ ಸ್ವರಗಳಿಗೇ ಮೀಸಲು. ನಮ್ಮ ಕಂಪನಿ ನಾಟಕಗಳು ಒಲಿಸಿಕೊಂಡದ್ದು ಇದನ್ನೇ. ಲೆಗ್ ಹಾರ್ಮೋನಿಯಂ ಎಂದರೆ ಇವತ್ತಿಗೂ ರಂಗಭೂಮಿಯ ಹಳಬರ ಮುಖ ಅರಳುತ್ತದೆ. ಬೆಂಗಳೂರಿನಿಂದ ಅರಸೀಕೆರೆಗೆ ಬರುವ ರೈಲು ದಾರಿಯಲ್ಲೇ ಗುಬ್ಬಿ ಇದೆ. ಅಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲಾ ಹೆಸರಾಯಿತು. ರಂಗದ ಮುಂದೆ ಕೂತ ಮೇಷ್ಟ್ರ ಬಲಗೈ ನಟನ ಹಾಡಿನ ಜೊತೆ ಓಡಿದರೆ, ಎಡಗೈ ಕೆಳಗಿನ ಸ್ಥಾಯಿಯ ಷಡ್ಜ, ಪಂಚಮಗಳನ್ನು ತುಂಬಿ ಹಿಡಿಯುತ್ತಿತ್ತು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಶ್ರುತಿ ತಲುಪಬೇಕಿತ್ತಲ್ಲ! ಷಡ್ಜಕ್ಕೂ ಪಂಚಮಕ್ಕೂ ನಡುವೆ ಗಾಂಧಾರವೊಂದು ಸೇರಿದರೆ ಅದೇ ಕಾರ್ಡ್. ಅಷ್ಟು ಹತ್ತಿರ ಬಂದಿತ್ತು ಆ ಕೈ.

ಅದೇ ಹೊತ್ತಿಗೆ ಇನ್ನೊಂದು ಪೆಟ್ಟಿಗೆ ಹರಡುತ್ತಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ಕೈಯಿಂದ ತಿದಿ ಒತ್ತುವ ಹಾರ್ಮೋನಿಯಂ ಮಾಡಿದರು. ಚಾಪೆಯ ಮೇಲೆ ಕೂರುವ ನಮ್ಮ ಪದ್ಧತಿಗೆ ಅದು ಒಗ್ಗಿತು, ಬೆಲೆಯೂ ಕಡಿಮೆ. ಬೇಲೂರಿನಂಥ ರೈಲಿಲ್ಲದ ಊರಿನ ಹಳ್ಳಿಹಳ್ಳಿಗೆ ಹೋಗಬೇಕಾದರೆ ಗಾಡಿಯಲ್ಲಿ ಹಿಡಿಸುವ, ತಲೆಯ ಮೇಲೆ ಹೊರುವ ಪೆಟ್ಟಿಗೆಯೇ ಬೇಕು. ನಮ್ಮಪ್ಪ ಸುಗ್ಗಿ ಮುಗಿದ ಮೇಲೆ ತಾಲೀಮಿಗೆ ಒಯ್ಯುತ್ತಿದ್ದುದು ಅದನ್ನೇ. ಆದರೆ ಅದರಲ್ಲಿ ಎಡಗೈ ತಿದಿಗೆ ಹೋಯಿತು. ಅರ್ಜುನನ ಪಾತ್ರದವನಿಗೆ ಕಂದ ಎತ್ತಿಕೊಡುವುದು, ಕೃಷ್ಣನ ಪಾತ್ರದವನು ಶ್ರುತಿ ಬಿಟ್ಟರೆ ಎಳೆದು ತರುವುದು, ಸೀನಿನ ನಡುವೆ ಬಿಡುವು ತುಂಬುವುದು ಎಲ್ಲವೂ ಒಂದೇ ಬಲಗೈಯಲ್ಲಿ ಆಗಬೇಕು. ಮೇಷ್ಟ್ರುಗಳ ಬಲಗೈ ಮಿಂಚಿನಂತಾಯಿತು. ಕಾರ್ಡ್ ಹಿಡಿಯಬೇಕಾದ ಕೈ ಮಾತ್ರ ಗಾಳಿ ಹಾಕುತ್ತಾ ಉಳಿಯಿತು.

ಹಾಗೆಂದು ಈ ನಾಡು ಕಾರ್ಡ್ ಕೇಳಿರಲೇ ಇಲ್ಲ ಅನ್ನುವಂತಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಪ್ರಾರ್ಥನಾ ಮಂದಿರಗಳಲ್ಲಿ ಕನ್ನಡದ ಕೀರ್ತನೆಗಳನ್ನು ಪಾಶ್ಚಾತ್ಯ ರಾಗಗಳಿಗೆ ಹಾಡುತ್ತಿದ್ದರು. ಅದಕ್ಕೂ ಹಿಂದೆಯೇ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ಸುಮಾರು 40 ನೊಟ್ಟುಸ್ವರಗಳನ್ನು ಕೊಟ್ಟಿದ್ದರು. ನಮ್ಮ ಅರಸರ ಮಾತಂತೂ ಇನ್ನೂ ದೊಡ್ಡದು. ಜಯಚಾಮರಾಜ ಒಡೆಯರು ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ರಷ್ಯದ ಸಂಗೀತಗಾರ ನಿಕೊಲಾಯ್ ಮೆಡ್ಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರೇ; ಆತ ತನ್ನ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಅದೇ ಅರಸರು ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಕೃತಿಗಳನ್ನೂ ರಚಿಸಿದರು. ಎರಡು ವಿದ್ಯೆ ಒಂದೇ ಎದೆಯಲ್ಲಿ ಜಗಳವಿಲ್ಲದೆ ಇರಬಲ್ಲವು ಎಂದು ನಾನು ಧೈರ್ಯವಾಗಿ ಹೇಳುವುದು ಅವರನ್ನು ನೆನೆದು.

ಹಾರ್ಮೋನಿಯಂ ಬೇಡವೆಂದು ಜಗಳ ಮಾಡಿದವರ ಮಾತಿನಲ್ಲೂ ಸತ್ಯವಿತ್ತು. ಕೀಗಳ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರಲಾಗದು, ಗಮಕ ಹುಟ್ಟದು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟದ್ದು ಇಂಥ ಕಾರಣಗಳಿಗೇ. ತೋಡಿಯ ಗಾಂಧಾರ ಅಲುಗುತ್ತಲೇ ಬದುಕುವ ಸ್ವರ. ಅದರ ಕೆಳಗೆ ಕಾರ್ಡ್ ಇಟ್ಟರೆ ರಾಗ ನಲುಗುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳುತ್ತೇನೆ. ಆದರೆ ರಂಗಗೀತೆ, ಭಾವಗೀತೆ, ದೀಕ್ಷಿತರ ನೊಟ್ಟುಸ್ವರ ಇವುಗಳಿಗೆ ಕಾರ್ಡ್ ಒಪ್ಪುತ್ತದೆ.

ಈಗ ಕಲಿಕೆಯ ಮಾತು. ಬಿಳಿ ಒಂದನ್ನು ಷಡ್ಜ ಮಾಡಿಕೊಳ್ಳಿ. ಅಲ್ಲಿಂದ ಕಪ್ಪು-ಬಿಳಿ ಎರಡನ್ನೂ ಎಣಿಸುತ್ತಾ ನಾಲ್ಕನೆಯದಕ್ಕೆ ಹೋದರೆ ಅಂತರ ಗಾಂಧಾರ, ಅಲ್ಲಿಂದ ಮೂರನೆಯದು ಪಂಚಮ. ಎಡಗೈಯ ಕಿರುಬೆರಳು, ನಡುಬೆರಳು, ಹೆಬ್ಬೆರಳು ಒಟ್ಟಿಗೆ ಇಳಿಯಲಿ: ಸ ಗ ಪ. ಇದು ಮೇಜರ್ ಕಾರ್ಡ್. ಗಾಂಧಾರವನ್ನು ಒಂದು ಕೀ ಇಳಿಸಿದರೆ ಸಾಧಾರಣ ಗಾಂಧಾರ, ಆಗ ಮೈನರ್. ಮತ್ತೆ ಮೇಜರ್‌ಗೆ ಬಂದು, ಷಡ್ಜ ಬಿಡದೆ ಗಾಂಧಾರವನ್ನು ಮಧ್ಯಮಕ್ಕೆ, ಪಂಚಮವನ್ನು ಧೈವತಕ್ಕೆ ಸರಿಸಿ: ಸ ಮ ದ. ಮೊದಲಿನ ಜಾಗಕ್ಕೆ ಮರಳಿ, ಪಂಚಮ ಬಿಡದೆ ಷಡ್ಜವನ್ನು ಕೆಳಗಿನ ನಿಷಾದಕ್ಕೆ, ಗಾಂಧಾರವನ್ನು ರಿಷಭಕ್ಕೆ ಇಳಿಸಿ: ನಿ ರಿ ಪ. ಈ ಮೂರು ಹಿಡಿತಗಳಲ್ಲಿ ಶಂಕರಾಭರಣದ ಏಳು ಸ್ವರಗಳೂ ಬಂದವು! ಶಂಕರಾಭರಣದ ಸ್ವರಗಳನ್ನು ಹಾಡಿದ ಮಗುವಿಗೆ ಇದರಲ್ಲಿ ಹೊಸ ಸ್ವರ ಒಂದೂ ಇಲ್ಲ; ಹೊಸದಾಗಿರುವುದು ಅವುಗಳ ಕೂಟ ಮಾತ್ರ. ಒಂದು ಹಿಡಿತದಿಂದ ಇನ್ನೊಂದಕ್ಕೆ ಹೋಗುವಾಗ ಬಿಡದ ಬೆರಳು ಯಾವುದು ಎಂದು ಗಮನಿಸುವುದೇ ಅಭ್ಯಾಸದ ಮುಕ್ಕಾಲು ಪಾಲು. ನಿಧಾನವಾಗಿ, ಬಾಯಲ್ಲಿ ಸ್ವರ ಹೇಳುತ್ತಾ, ಆದಿತಾಳದ ಒಂದು ಆವರ್ತಕ್ಕೆ ಒಂದು ಹಿಡಿತ ಸಾಕು.

ಕೀಬೋರ್ಡಿಗೆ ತಿದಿ ಇಲ್ಲ. ಕರೆಂಟು ಬಂದು ನಮ್ಮ ಎಡಗೈಯನ್ನು ಬಿಡಿಸಿದೆ. ಲೆಗ್ ಹಾರ್ಮೋನಿಯಂ ಮೇಷ್ಟ್ರುಗಳು ನಿಲ್ಲಿಸಿದ ಜಾಗ ಈ ಮಕ್ಕಳಿಗೆ ಸಿಕ್ಕಿದೆ. ಆದ್ದರಿಂದ ಬೇಲೂರಿನ ಹುಡುಗಿಯೊಬ್ಬಳು ಸ ಗ ಪ ಒತ್ತಿದರೆ ಪರರ ಆಸ್ತಿಗೆ ಕೈ ಹಾಕಿದಳೆಂದು ಯಾರೂ ಅನ್ನಬಾರದು. ನನ್ನ ಜೊತೆಯ ಮೇಷ್ಟ್ರುಗಳಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು: ಬಲಗೈಗೆ ನಾವು ಬಲ್ಲ ಕಂದ, ಮಟ್ಟು, ಸೀಸಪದ್ಯಗಳನ್ನು ಬಿಡದೆ ಕಲಿಸೋಣ, ಎಡಗೈಗೆ ಈ ಮೂರು ಹಿಡಿತಗಳನ್ನು ಕೊಡೋಣ. ಎರಡೂ ಕೈ ಕಲಿತವರು ಬಂದರೆ ನಮ್ಮ ಹಳ್ಳಿಯ ನಾಟಕಕ್ಕೆ ಇನ್ನೊಂದು ತಲೆಮಾರು ಆಯಸ್ಸು ಸಿಗುತ್ತದೆ.